ಹಳ್ಳ-ಹೊಳೆಗಳ ಆರೋಗ್ಯ ತಪಾಸಣೆ: ವಾಣಿಜ್ಯ ಸಂಘಗಳು ವಹಿಸಬೇಕಾದ ಹೊಣೆ

ವರ್ಷದ ಲೆಕ್ಕ ಮುಗಿಸುವ ಮುನ್ನ ದಾಸ್ತಾನು ಎಣಿಸದ ವ್ಯಾಪಾರಸ್ಥರಿಲ್ಲ. ಗೋದಾಮಿನ ಚೀಲಗಳನ್ನು ಎಣಿಸಿ, ಹಾಳಾದ ಸರಕನ್ನು ಬೇರ್ಪಡಿಸಿ, ಯಂತ್ರಗಳಿಗೆ ಸವಕಳಿ ಕಟ್ಟಿ, ಬರಬೇಕಾದ ಬಾಕಿಗಳನ್ನು ಪರಿಶೀಲಿಸಿದ ಮೇಲೆಯೇ ಅಢಾವೆ ಪತ್ರಿಕೆ ಸಿದ್ಧವಾಗುತ್ತದೆ. ಆದರೆ ಅದೇ ಉದ್ದಿಮೆಯ ಹಿಂಬದಿಯ ಗೋಡೆಗೆ ತಾಗಿಕೊಂಡು ಹರಿಯುವ ಹಳ್ಳ ಕಳೆದ ವರ್ಷ ಹೇಗಿತ್ತು, ಈ ವರ್ಷ ಹೇಗಿದೆ ಎಂಬ ಪ್ರಶ್ನೆಗೆ ಯಾವ ಪುಸ್ತಕದಲ್ಲಿಯೂ ಉತ್ತರ ದೊರೆಯುವುದಿಲ್ಲ. ಬಟ್ಟೆಗೆ ಬಣ್ಣ ಹಾಕುವ ಘಟಕ, ಅಕ್ಕಿ ಗಿರಣಿ, ಲೋಹಲೇಪನ ಘಟಕ, ಆಹಾರ ಸಂಸ್ಕರಣಾ ಘಟಕ, ಕಾಫಿ ಪಲ್ಪಿಂಗ್ ಘಟಕ ಇವೆಲ್ಲವೂ ನೀರನ್ನು ಪಡೆದು, ಬಳಸಿ, ಹೊರಬಿಡುವ ಉದ್ದಿಮೆಗಳು. ನೀರು ಇವುಗಳಿಗೆ ಕಚ್ಚಾ ಸಾಮಗ್ರಿಯಷ್ಟೇ ಅವಶ್ಯಕ. ಹೀಗಿದ್ದರೂ ಆ ನೀರಿನ ನೆಲೆಯ ಬಗೆಗಿನ ತಿಳಿವಳಿಕೆಯನ್ನು ಸಂಪೂರ್ಣವಾಗಿ ಪರರಿಗೆ ಒಪ್ಪಿಸಿ ಕುಳಿತಿರುವುದು ವ್ಯವಹಾರ ಜಾಣ್ಮೆ ಎನಿಸದು.

ಹಳ್ಳ, ತೊರೆ ಹಾಗೂ ನದಿದಂಡೆಗಳ ಆರೋಗ್ಯವನ್ನು ಅಳೆಯುವ ವಿಧಾನಗಳನ್ನು ಕಲಿಸುವ ತರಬೇತಿ ಕಾರ್ಯಾಗಾರಗಳು ಹಲವು ದೇಶಗಳಲ್ಲಿ ದಶಕಗಳಿಂದ ನಡೆಯುತ್ತಿವೆ. ನಮ್ಮಲ್ಲಿ ಇಂತಹ ತರಬೇತಿಯೆಂದರೆ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳಿಗೆ ಅಥವಾ ಪರಿಸರಾಸಕ್ತರಿಗೆ ಮೀಸಲಾದುದೆಂಬ ಭಾವನೆ ಬೇರೂರಿದೆ. ಈ ಕೆಲಸವನ್ನು ವಾಣಿಜ್ಯ ಸಂಘಗಳು ಮತ್ತು ಕೈಗಾರಿಕಾ ವಸಾಹತುಗಳ ಸಂಘಗಳೇ ಕೈಗೆತ್ತಿಕೊಳ್ಳಬೇಕು, ಅದನ್ನು ದಾನಧರ್ಮದ ಲೆಕ್ಕಕ್ಕೆ ಸೇರಿಸದೆ ವ್ಯವಹಾರದ ಅಗತ್ಯವೆಂದೇ ಪರಿಗಣಿಸಬೇಕು ಎಂಬುದಕ್ಕೆ ಬಲವಾದ ಕಾರಣಗಳಿವೆ.

ಒಟ್ಟಿಗೆ ಬೀಳುವ ಬೀಗ

ಮೊದಲನೆಯ ಕಾರಣವನ್ನು ನೆರೆರಾಜ್ಯದ ಅನುಭವ ತೋರಿಸಿಕೊಟ್ಟಿದೆ. ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ ಕಾವೇರಿಯನ್ನು ಸೇರುವ ನೊಯ್ಯಲ್ ನದಿಯ ದಡದಲ್ಲಿರುವ ತಿರುಪ್ಪೂರು ಹೆಣಿಗೆ ಉಡುಪುಗಳ ರಫ್ತಿಗೆ ಹೆಸರಾದ ಊರು. ಅಲ್ಲಿನ ಬಣ್ಣ ಹಾಕುವ ಮತ್ತು ಬಿಳುಪು ಮಾಡುವ ಘಟಕಗಳ ಉಪ್ಪಿನಂಶದ ನೀರು ವರ್ಷಗಟ್ಟಲೆ ನದಿಗೆ ಸೇರಿತು. ನೀರಾವರಿಗೆಂದು ಕಟ್ಟಿ 1992ರಲ್ಲಿ ಉದ್ಘಾಟಿಸಿದ ಒರತ್ತುಪಾಳ್ಯಂ ಅಣೆಕಟ್ಟೆ ತ್ಯಾಜ್ಯನೀರಿನ ಕೊಳವಾಗಿ ಪರಿಣಮಿಸಿತು. ಕೆಳಭಾಗದ ಅಚ್ಚುಕಟ್ಟಿನ ರೈತರು ನ್ಯಾಯಾಲಯದ ಮೊರೆ ಹೊಕ್ಕರು. ಪ್ರಕರಣ 2009ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ಬಂದ ಮೇಲೂ ಪರಿಸ್ಥಿತಿ ಸುಧಾರಿಸದಿದ್ದಾಗ, 2011ರ ಜನವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಬಣ್ಣದ ಘಟಕಗಳನ್ನೂ ಅವುಗಳ ಸಾಮೂಹಿಕ ಸಂಸ್ಕರಣಾ ಘಟಕಗಳನ್ನೂ ಮುಚ್ಚಲು ಆದೇಶಿಸಿತು. ಏಳುನೂರಕ್ಕೂ ಹೆಚ್ಚು ಘಟಕಗಳ ವಿದ್ಯುತ್ ಸಂಪರ್ಕ ಕಡಿದುಹೋಯಿತು. ಉಡುಪು ತಯಾರಕರು ಬಟ್ಟೆಗೆ ಬಣ್ಣ ಹಾಕಿಸಲು ಬೇರೆ ಊರುಗಳತ್ತ ನೋಡಬೇಕಾಯಿತು.

ಪಾಲಾರ್ ನದಿ ತೀರದ ಚರ್ಮ ಹದಮಾಡುವ ಘಟಕಗಳ ಕಥೆಯೂ ಇದೇ ಬಗೆಯದು. ವೆಲ್ಲೂರು ನಾಗರಿಕ ಹಿತ ವೇದಿಕೆಯ ಪ್ರಕರಣದಲ್ಲಿ 1996ರ ಆಗಸ್ಟ್‌ನಲ್ಲಿ ತೀರ್ಪು ನೀಡಿದ ಸರ್ವೋಚ್ಚ ನ್ಯಾಯಾಲಯವು ಮಾಲಿನ್ಯ ಉಂಟುಮಾಡಿದವರೇ ಅದರ ವೆಚ್ಚ ಭರಿಸಬೇಕೆಂಬ ತತ್ತ್ವವನ್ನು ಈ ನೆಲದ ಕಾನೂನಿನ ಭಾಗವೆಂದು ಸಾರಿತು. ಪರಿಹಾರದ ಹೊಣೆಯ ಜೊತೆಗೆ ಸಂಬಂಧಿಸಿದ ಜಿಲ್ಲೆಗಳ ಎಲ್ಲ ಚರ್ಮೋದ್ಯಮ ಘಟಕಗಳ ಮೇಲೂ ತಲಾ 10,000 ರೂಪಾಯಿಗಳ ದಂಡ ವಿಧಿಸಿತು. ಇಲ್ಲಿ ವ್ಯಾಪಾರಸ್ಥರು ಗಮನಿಸಬೇಕಾದ ಸಂಗತಿ ದಂಡದ ಮೊತ್ತಕ್ಕಿಂತ ಅದರ ಸ್ವರೂಪ. ದೊಡ್ಡದು, ಚಿಕ್ಕದು ಎಂಬ ಭೇದವಿಲ್ಲದೆ ದಂಡ ಎಲ್ಲರ ಮೇಲೂ ಸಮನಾಗಿ ಬಿದ್ದಿತು. ನದಿಯೊಂದು ಸತ್ತ ಮೇಲೆ ಯಾರ ಪಾಲು ಎಷ್ಟೆಂದು ಬಿಡಿಸಿ ನೋಡುವುದು ಬಹಳ ಕಷ್ಟ. ಅಂತಹ ಹೊತ್ತಿನಲ್ಲಿ ಹೊಣೆ ಇಡೀ ಊರಿನ, ಇಡೀ ಉದ್ಯಮದ ತಲೆಗೆ ಬರುತ್ತದೆ. ಸರಿಯಾಗಿ ನಡೆದುಕೊಂಡ ಸಣ್ಣ ಘಟಕಕ್ಕೆ ತನ್ನ ಸಾಚಾತನ ತೋರಿಸಲು ಹಳೆಯ ದಾಖಲೆಯೇ ಇರುವುದಿಲ್ಲ.

ಕಾರ್ಯಾಗಾರಗಳನ್ನು ನಡೆಸಿದ್ದರೆ ತಿರುಪ್ಪೂರಿಗೆ ಆ ದಿನ ಬರುತ್ತಿರಲಿಲ್ಲವೆಂದು ಹೇಳಲಾಗದು. ಅಲ್ಲಿನ ಸಮಸ್ಯೆ ತಂತ್ರಜ್ಞಾನದ್ದೂ ಹೌದು, ಬಂಡವಾಳದ್ದೂ ಹೌದು. ಆದರೆ ನದಿ ಹದಗೆಡುತ್ತಿರುವುದನ್ನು ಉದ್ದಿಮೆದಾರರು ತಾವೇ ವರ್ಷ ವರ್ಷವೂ ಅಳೆದು ದಾಖಲಿಸಿದ್ದರೆ, ಸಂಕಟದ ಸುದ್ದಿ ನ್ಯಾಯಾಲಯದ ಆದೇಶದ ಮೂಲಕ ಬರುವ ಮೊದಲೇ ಸಂಘದ ಸಭೆಗೆ ಬರುತ್ತಿತ್ತು.

ಪ್ರತಿಯೊಬ್ಬರೂ ನಿಯಮದೊಳಗೆ, ಹಳ್ಳ ಮಾತ್ರ ಹೊರಗೆ

ಎರಡನೆಯ ಕಾರಣ ಸರಳ ಅಂಕಗಣಿತದ್ದು. ಒಳನಾಡಿನ ಮೇಲ್ಮೈ ಜಲಕ್ಕೆ ಬಿಡುವ ತ್ಯಾಜ್ಯನೀರಿನಲ್ಲಿ ಬಿ.ಓ.ಡಿ. ಎಂದು ಪರಿಚಿತವಾದ ಜೈವಿಕ ಆಮ್ಲಜನಕ ಬೇಡಿಕೆಯು ಲೀಟರಿಗೆ 30 ಮಿಲಿಗ್ರಾಂ ಮೀರಬಾರದೆಂಬುದು 1986ರ ಪರಿಸರ ಸಂರಕ್ಷಣಾ ನಿಯಮಗಳಡಿಯ ಸಾಮಾನ್ಯ ಮಾನದಂಡ. ಆದರೆ ನದಿಯ ಒಂದು ಭಾಗವನ್ನು ಮಲಿನವೆಂದು ಗುರುತಿಸುವಾಗ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಬಳಸುವ ಗೆರೆ ಲೀಟರಿಗೆ 3 ಮಿಲಿಗ್ರಾಂ. ಈ ಎರಡು ಅಂಕಿಗಳ ನಡುವೆ ಹತ್ತು ಪಟ್ಟು ಅಂತರವಿದೆ. ಈ ಅಂತರವನ್ನು ತುಂಬಬೇಕಾದುದು ಹಳ್ಳದಲ್ಲಿ ಹರಿಯುವ ಶುದ್ಧ ನೀರು.

ಹಳ್ಳದ ಸಹಜ ನೀರಿನಲ್ಲಿ ಈ ಬೇಡಿಕೆ 1 ಮಿಲಿಗ್ರಾಂ ಇದೆಯೆಂದು ಭಾವಿಸೋಣ. 30 ಮಿಲಿಗ್ರಾಂ ಇರುವ ಒಂದು ಪಾಲು ತ್ಯಾಜ್ಯನೀರನ್ನು 3 ಮಿಲಿಗ್ರಾಂ ಮಟ್ಟಕ್ಕೆ ಇಳಿಸಲು ಹದಿಮೂರೂವರೆ ಪಾಲು ಸಹಜ ನೀರು ಬೇಕಾಗುತ್ತದೆ. ಮಳೆಗಾಲದಲ್ಲಿ ಅಷ್ಟು ನೀರು ಇದ್ದೀತು. ಮಾರ್ಚ್-ಏಪ್ರಿಲ್‌ನಲ್ಲಿ ಬಯಲುಸೀಮೆಯ ಹಳ್ಳದಲ್ಲಿ ಅದು ಎಲ್ಲಿಂದ ಬರಬೇಕು? ಹಾಗಾಗಿ ವಸಾಹತಿನ ಪ್ರತಿಯೊಂದು ಘಟಕವೂ ನಿಯಮದೊಳಗೇ ಇದ್ದು, ಪ್ರತಿಯೊಂದರ ಪರೀಕ್ಷಾ ವರದಿಯೂ ಸರಿಯಾಗಿದ್ದು, ಎಲ್ಲರ ನೀರು ಸೇರುವ ಹಳ್ಳ ಮಾತ್ರ ಕೆಟ್ಟಿರುವುದು ಸಾಧ್ಯ. ಒಂದೊಂದೇ ರಸೀದಿ ಸರಿಯಿದ್ದರೂ ಒಟ್ಟು ಮೊತ್ತ ತಾಳೆಯಾಗದ ಲೆಕ್ಕದಂತೆ ಇದು. ಘಟಕದ ಹೊರಗಂಡಿಯಲ್ಲಿ ನಿಂತು ನೋಡಿದರೆ ಈ ಕೊರತೆ ಕಾಣಿಸದು. ಹಳ್ಳದೊಳಗೇ ಇಳಿದು ನೋಡಬೇಕು.

ಕಾನೂನು ಕೂಡ ಹಳ್ಳವನ್ನು ವಿಶಾಲ ಅರ್ಥದಲ್ಲಿಯೇ ಗ್ರಹಿಸಿದೆ. 1974ರ ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯಿದೆಯ ವ್ಯಾಖ್ಯೆಯಲ್ಲಿ ನದಿಯ ಜೊತೆಗೆ, ಹರಿಯುತ್ತಿರಲಿ ಅಥವಾ ಸದ್ಯಕ್ಕೆ ಒಣಗಿರಲಿ, ಪ್ರತಿಯೊಂದು ಜಲಮಾರ್ಗವೂ ಸೇರುತ್ತದೆ. ಬೇಸಿಗೆಯಲ್ಲಿ ಬತ್ತಿದ ಹಳ್ಳ ಯಾರದೂ ಅಲ್ಲದ ಜಾಗವೆಂದು ಭಾವಿಸಿ ಬೂದಿ, ತೌಡು, ಕಟ್ಟಡದ ಅವಶೇಷಗಳನ್ನು ಸುರಿಯುವ ರೂಢಿ ಅನೇಕ ಊರುಗಳಲ್ಲಿದೆ. ಅದೇ ಕಾಯಿದೆಯ ಕಲಂ 24 ವಿಷಕಾರಿ ವಸ್ತುಗಳನ್ನು ನಿಷೇಧಿಸಿ ಅಷ್ಟಕ್ಕೇ ನಿಲ್ಲುವುದಿಲ್ಲ. ತಾನಾಗಿಯೇ ಆಗಲಿ, ಅಂತಹುದೇ ಇತರ ವಸ್ತುಗಳೊಡನೆ ಕೂಡಿಯೇ ಆಗಲಿ ನೀರಿನ ಹರಿವಿಗೆ ತಡೆಯೊಡ್ಡಿ ಮಾಲಿನ್ಯವನ್ನು ಬಹುವಾಗಿ ಹೆಚ್ಚಿಸಬಲ್ಲ ವಸ್ತುವನ್ನು ತಿಳಿದೂ ತಿಳಿದು ಹಾಕುವುದನ್ನೂ ಅದು ತಡೆಯುತ್ತದೆ. ನನ್ನದು ಬರೀ ಒಂದು ಗಾಡಿ ಬೂದಿ ಎಂಬ ಸಮಜಾಯಿಷಿಗೆ ಅಲ್ಲಿ ಎಡೆಯಿಲ್ಲ.

ಸೀಸೆಯೊಳಗಿನ ನೀರು ಹೇಳದ ಸಂಗತಿಗಳು

ನೀರಿನ ಮಾದರಿಯನ್ನು ಸೀಸೆಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳುಹಿಸುವುದು ಅವಶ್ಯಕವಾದ ಕೆಲಸ. ಅದನ್ನು ಯಾವ ಕಾರ್ಯಾಗಾರವೂ ಅನಗತ್ಯಗೊಳಿಸದು. ಆದರೆ ಅದು ಆ ಕ್ಷಣದ ನೀರಿನ ಕಥೆಯನ್ನು ಮಾತ್ರ ಹೇಳುತ್ತದೆ. ತಿಂಗಳ ಒಂದು ದಿನ ತಿಜೋರಿಯಲ್ಲಿದ್ದ ನಗದನ್ನು ಎಣಿಸಿದರೆ ಆ ತಿಂಗಳ ವ್ಯವಹಾರವೆಲ್ಲ ತಿಳಿದಂತಾಗದು. ಅದಕ್ಕೆ ಕಿರ್ದಿ-ಖಾತೆಗಳನ್ನು ತೆರೆದು ನೋಡಬೇಕಾಗುತ್ತದೆ.

ಹಳ್ಳದ ಕಿರ್ದಿ-ಖಾತೆ ಅದರ ತಳದಲ್ಲಿದೆ. ಕಲ್ಲುಗಳ ಅಡಿಯಲ್ಲಿ, ಎಲೆಗಳ ನಡುವೆ, ಬೇರುಗಳ ಸಂದಿಯಲ್ಲಿ ಬದುಕುವ ಕೀಟಗಳ ಮರಿಗಳು, ಬಸವನಹುಳುಗಳು, ಏಡಿ, ಜಿಗಣೆ, ಎರೆಹುಳುವಿನ ಜಾತಿಯ ಹುಳುಗಳು ವಾರಗಟ್ಟಲೆ, ತಿಂಗಳುಗಟ್ಟಲೆ ಅಲ್ಲಿಯೇ ಇರುತ್ತವೆ. ರಾತ್ರಿ ಎರಡು ಗಂಟೆಗೆ ಯಾರೋ ಬಿಟ್ಟ ನೀರು ಬೆಳಗಿನ ಹೊತ್ತಿಗೆ ಹರಿದುಹೋಗಿರಬಹುದು. ಮಧ್ಯಾಹ್ನ ತುಂಬಿದ ಸೀಸೆಗೆ ಅದರ ಸುಳಿವು ಸಿಗುವುದಿಲ್ಲ. ಆದರೆ ಆ ನೀರನ್ನು ತಾಳಲಾರದ ಕೀಟಗಳು ಅಲ್ಲಿಂದ ಕಾಣೆಯಾಗಿರುತ್ತವೆ. ಸ್ಟೋನ್‌ಫ್ಲೈ, ಮೇಫ್ಲೈ, ಕ್ಯಾಡಿಸ್‌ಫ್ಲೈ ಎಂಬ ಕೀಟಗಳ ಹಲವು ಕುಟುಂಬಗಳು ಆಮ್ಲಜನಕ ಸಮೃದ್ಧವಾಗಿರುವ ನೀರಿನಲ್ಲಿ ಮಾತ್ರ ಬಾಳಬಲ್ಲವು. ಕೊಳೆತ ನೀರಿನಲ್ಲಿ ಉಳಿಯುವುದು ಕೆಂಪು ಬಣ್ಣದ ಕೈರೊನೊಮಿಡ್ ಮರಿಹುಳುಗಳು ಮತ್ತು ಕೆಸರಿನ ಹುಳುಗಳು.

ಇನ್ನೊಂದು ಸಂಗತಿಯಿದೆ. ರಾಸಾಯನಿಕವಾಗಿ ನೀರು ಸ್ವಚ್ಛವಾಗಿದ್ದರೂ ನೆಲೆ ಹಾಳಾಗಿರಬಹುದು. ಕುದುರೆಮುಖದ ಕಬ್ಬಿಣದ ಅದಿರು ಗಣಿಗಾರಿಕೆಯು ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಅಂತ್ಯಕ್ಕೆ ನಿಂತುಹೋಯಿತು. ಆ ವಿವಾದದಲ್ಲಿ ಮುಖ್ಯವಾಗಿ ಚರ್ಚೆಗೆ ಬಂದುದು ಭದ್ರಾ ನದಿಗೆ ಸೇರುತ್ತಿದ್ದ ಹೂಳು. ಹೂಳು ಕಲ್ಲುಗಳ ನಡುವಿನ ಸಂದಿಗಳನ್ನು ಮುಚ್ಚಿದರೆ ಕೀಟಗಳಿಗೆ ಮನೆಯಿಲ್ಲ, ಮೀನುಗಳಿಗೆ ಮೊಟ್ಟೆಯಿಡಲು ಜಾಗವಿಲ್ಲ. ಮರಳು ತೆಗೆದರೂ, ದಂಡೆಯ ಹೊಂಗೆ, ಹೊಳೆಮತ್ತಿ, ನೇರಳೆ ಮರಗಳನ್ನು ಕಡಿದರೂ, ಹಳ್ಳವನ್ನು ಕಾಂಕ್ರೀಟ್ ಕಾಲುವೆ ಮಾಡಿದರೂ ಫಲ ಬಹುಮಟ್ಟಿಗೆ ಇಂತಹುದೇ. ಬೇರುಗಳು ಹಿಡಿದಿಟ್ಟ ದಂಡೆ ಕುಸಿಯತೊಡಗಿದರೆ ಮಳೆಗಾಲದ ಪ್ರವಾಹ ಗೋದಾಮಿನ ಅಡಿಪಾಯವನ್ನೂ ಬಿಡುವುದಿಲ್ಲ. ಇದು ನೇರವಾಗಿ ಉದ್ದಿಮೆದಾರರ ಆಸ್ತಿಯ ಪ್ರಶ್ನೆ.

ಅಂಕ ಕೊಡುವ ವಿಧಾನ

ಇಂತಹ ಸಂಗತಿಗಳನ್ನು ಅಂಕಗಳಿಗೆ ಇಳಿಸುವ ಕ್ರಮಬದ್ಧ ವಿಧಾನಗಳು ರೂಢಿಯಲ್ಲಿವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1989ರಲ್ಲಿ ಪ್ರಕಟಿಸಿ 1999ರಲ್ಲಿ ಪರಿಷ್ಕರಿಸಿದ ಶೀಘ್ರ ಜೈವಿಕ ಸಮೀಕ್ಷೆಯ ಕೈಪಿಡಿಯಲ್ಲಿ ನೆಲೆಯ ಸ್ಥಿತಿಯನ್ನು ಹತ್ತು ಅಂಶಗಳ ಮೂಲಕ ಅಳೆಯಲಾಗುತ್ತದೆ. ಪ್ರತಿ ಅಂಶಕ್ಕೆ 0ಯಿಂದ 20ರವರೆಗೆ ಅಂಕ. ಒಟ್ಟು 200. ತಳದ ಕಲ್ಲುಗಳು ಹೂಳಿನಲ್ಲಿ ಎಷ್ಟು ಹುದುಗಿವೆ, ಸರಸರನೆ ಹರಿಯುವ ಭಾಗಗಳೂ ಆಳವಾದ ಮಡುಗಳೂ ಎಷ್ಟಿವೆ, ಪಾತ್ರವನ್ನು ಮಾನವರು ಎಷ್ಟು ಬದಲಿಸಿದ್ದಾರೆ, ದಂಡೆ ಗಟ್ಟಿಯಾಗಿದೆಯೇ, ದಂಡೆಯ ಸಸ್ಯಾವರಣ ಎಷ್ಟು ಅಗಲವಿದೆ ಎಂಬಂತಹ ಪ್ರಶ್ನೆಗಳು ಅದರಲ್ಲಿವೆ. ದಂಡೆಯ ಹಸಿರು ಪಟ್ಟಿ 18 ಮೀಟರಿಗಿಂತ ಅಗಲವಿದ್ದರೆ ಅತ್ಯುತ್ತಮ ದರ್ಜೆ, 6 ಮೀಟರಿಗಿಂತ ಕಡಿಮೆಯಿದ್ದರೆ ಕಳಪೆ ದರ್ಜೆ ಎಂಬಷ್ಟು ಸ್ಪಷ್ಟವಾದ ಅಳತೆಗಳಿವೆ. ಅಳತೆಪಟ್ಟಿ ಹಿಡಿಯಬಲ್ಲ ಯಾರಾದರೂ ಇದನ್ನು ಕಲಿಯಬಹುದು.

ಜೀವಿಗಳ ಮೂಲಕ ಅಂಕ ಕೊಡುವ ಪದ್ಧತಿ ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ರೂಪುಗೊಂಡಿತು. ಅಲ್ಲಿ ಪ್ರತಿಯೊಂದು ಕುಟುಂಬಕ್ಕೂ 1ರಿಂದ 10ರವರೆಗೆ ಅಂಕ ನಿಗದಿಯಾಗಿದೆ. ಮಾಲಿನ್ಯವನ್ನು ಸ್ವಲ್ಪವೂ ಸಹಿಸದ ಸ್ಟೋನ್‌ಫ್ಲೈ ಕುಟುಂಬಗಳಿಗೆ 10, ಕೈರೊನೊಮಿಡ್ ಹುಳುಗಳಿಗೆ 2, ಕೆಸರಿನ ಹುಳುಗಳಿಗೆ 1. ಭಾರತದಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಇದೇ ತತ್ತ್ವದ ಮೇಲೆ ಜೈವಿಕ ಜಲ ಗುಣಮಟ್ಟದ ಮಾನದಂಡವನ್ನು ರೂಪಿಸಿ, ನೀರನ್ನು ಶುದ್ಧ ದರ್ಜೆಯಿಂದ ತೀವ್ರ ಮಲಿನ ದರ್ಜೆಯವರೆಗೆ ಐದು ವರ್ಗಗಳಾಗಿ ವಿಂಗಡಿಸಿದೆ. ಪ್ರತಿ ವರ್ಗಕ್ಕೂ ಒಂದು ಬಣ್ಣ. ನೀಲಿ ಶುದ್ಧತೆಯ ಗುರುತು, ಕೆಂಪು ತೀವ್ರ ಮಾಲಿನ್ಯದ ಗುರುತು. ದಕ್ಷಿಣ ಆಫ್ರಿಕದಲ್ಲಿ ವಿಜ್ಞಾನಿಗಳ ಪದ್ಧತಿಯನ್ನು ಇನ್ನೂ ಸರಳಗೊಳಿಸಿ, ಹದಿಮೂರು ಜೀವಿ ಗುಂಪುಗಳನ್ನು ಗುರುತಿಸಲು ಬಂದರೆ ಸಾಕೆಂಬಂತೆ ಮಿನಿಸಾಸ್ ಎಂಬ ವಿಧಾನವನ್ನು ರೂಪಿಸಿದ್ದಾರೆ. ಅದನ್ನು ಶಾಲೆಯ ಮಕ್ಕಳೂ ಬಳಸುತ್ತಾರೆ. ಹದಿಮೂರು ಗುಂಪುಗಳನ್ನು ಗುರುತಿಸುವುದು, ನೂರಾರು ಬಗೆಯ ಸರಕನ್ನು ನೋಡಿದೊಡನೆ ದರ್ಜೆ ಹೇಳಬಲ್ಲ ವ್ಯಾಪಾರಸ್ಥರಿಗೆ ಅಸಾಧ್ಯವಾದ ವಿದ್ಯೆಯೇನಲ್ಲ.

ಆದರೂ ಪರದೇಶದ ಪಟ್ಟಿಯನ್ನು ಹಾಗೆಯೇ ತಂದು ಬಳಸಲಾಗದು. ಬೇಸಿಗೆಯಲ್ಲಿ ಬತ್ತಿ ಮಳೆಗಾಲದಲ್ಲಿ ಉಕ್ಕುವ ನಮ್ಮ ಹಳ್ಳಗಳ ಸ್ವಭಾವ ಬೇರೆ. ಮಲೆನಾಡಿನ ತೊರೆಗೆ ಹೊಂದುವ ನಿರೀಕ್ಷೆ ಬಯಲುಸೀಮೆಯ ಹಳ್ಳಕ್ಕೆ ಹೊಂದದು. ಆದುದರಿಂದ ಪ್ರತಿ ಪ್ರದೇಶದಲ್ಲಿಯೂ ಸಾಕಷ್ಟು ಕೆಡದೆ ಉಳಿದಿರುವ ಒಂದು ಮೇಲ್ಭಾಗದ ತೊರೆಯನ್ನು ಮಾದರಿಯಾಗಿ ಆರಿಸಿಕೊಂಡು, ಉಳಿದವನ್ನು ಅದರೊಡನೆ ಹೋಲಿಸಬೇಕು. ಹಿಂದಿನ ವರ್ಷದ ಅಂಕಿಯಿಲ್ಲದ ಅಢಾವೆ ಪತ್ರಿಕೆಯಿಂದ ಉದ್ದಿಮೆಯ ಏಳುಬೀಳು ತಿಳಿಯದಂತೆ, ಹೋಲಿಕೆಯಿಲ್ಲದ ಅಂಕಕ್ಕೆ ಅರ್ಥವಿಲ್ಲ.

ಕಾರ್ಯಾಗಾರ ಹೇಗಿರಬೇಕು?

ಸಭಾಂಗಣದಲ್ಲಿ ದೀಪ ಬೆಳಗಿಸಿ, ಅತಿಥಿಗಳಿಗೆ ಹಾರ ಹಾಕಿ, ಮಧ್ಯಾಹ್ನದ ಊಟದೊಂದಿಗೆ ಮುಗಿಯುವ ಕಾರ್ಯಾಗಾರದಿಂದ ಹಳ್ಳಕ್ಕಾಗಲಿ ಸದಸ್ಯರಿಗಾಗಲಿ ಪ್ರಯೋಜನವಿಲ್ಲ. ಈ ವಿದ್ಯೆಯನ್ನು ನೀರಿನ ಬಳಿಯೇ ಕಲಿಯಬೇಕು. ಅರ್ಧ ದಿನ ತರಗತಿಯ ಪಾಠ, ಅನಂತರ ಒಂದೂವರೆ ದಿನ ಹಳ್ಳದ ದಡದಲ್ಲಿ ಅಭ್ಯಾಸ ಎಂಬುದು ಸೂಕ್ತವಾದ ಹಂಚಿಕೆ. ಸಾಧನಗಳು ಬಹಳವಿಲ್ಲ: ಅರ್ಧ ಮಿಲಿಮೀಟರ್ ಕಣ್ಣಿನ ಬಲೆ, ಬಿಳಿಯ ತಟ್ಟೆಗಳು, ಭೂತಗನ್ನಡಿ, ಚಿಮಟ, ಅಳತೆಪಟ್ಟಿ, ಉಷ್ಣಮಾಪಕ, ಆಮ್ಲಜನಕ ಮತ್ತು ಆಮ್ಲೀಯತೆ ಅಳೆಯುವ ಚಿಕ್ಕ ಪೆಟ್ಟಿಗೆ, ಅಂಕಪಟ್ಟಿಯ ಹಾಳೆಗಳು. ಕಲ್ಲುಗಳನ್ನು ಕಾಲಿನಿಂದ ಕದಲಿಸಿ, ಅಲ್ಲಿಂದ ಎದ್ದ ಜೀವಿಗಳನ್ನು ಕೆಳಗೆ ಹಿಡಿದ ಬಲೆಗೆ ಬೀಳಿಸಿ, ತಟ್ಟೆಗೆ ಸುರಿದು, ಗುರುತಿಸಿ, ಬರೆದುಕೊಂಡು ಮತ್ತೆ ನೀರಿಗೆ ಬಿಡುವುದು ಅಭ್ಯಾಸದ ಕ್ರಮ.

ತರಬೇತಿಯ ಅತಿ ಮುಖ್ಯವಾದ ಭಾಗ ಅಂಕಗಳ ತಾಳೆ. ಎರಡು ತಂಡಗಳು ಒಂದೇ ನೂರು ಮೀಟರ್ ಹಳ್ಳವನ್ನು ಬೇರೆ ಬೇರೆಯಾಗಿ ನೋಡಿ ಅಂಕ ಕೊಡಬೇಕು. ಒಂದು ತಂಡ 140, ಇನ್ನೊಂದು ತಂಡ 95 ಕೊಟ್ಟರೆ ಯಾವ ಅಂಶದಲ್ಲಿ ಭಿನ್ನಾಭಿಪ್ರಾಯ ಬಂದಿದೆಯೆಂದು ದಡದಲ್ಲಿಯೇ ನಿಂತು ಚರ್ಚಿಸಬೇಕು. ಅಂತರ ಕಡಿಮೆಯಾಗುವವರೆಗೆ ಅಭ್ಯಾಸ ಮುಂದುವರಿಯಬೇಕು. ಇಬ್ಬರು ಲೆಕ್ಕಪರಿಶೋಧಕರು ಒಂದೇ ಪುಸ್ತಕ ನೋಡಿ ಬೇರೆ ಬೇರೆ ಲಾಭ ತೋರಿಸಿದರೆ ಆ ಲೆಕ್ಕವನ್ನು ಯಾರೂ ನಂಬುವುದಿಲ್ಲ. ಹಳ್ಳದ ಲೆಕ್ಕಕ್ಕೂ ಅದೇ ನ್ಯಾಯ.

ಕಾಲದ ಆಯ್ಕೆಯಲ್ಲಿಯೂ ಎಚ್ಚರ ಬೇಕು. ಪ್ರವಾಹ ಇಳಿದ ಮರುದಿನವೇ ಹೋದರೆ ಕೀಟಗಳೆಲ್ಲ ಕೊಚ್ಚಿಹೋಗಿರುತ್ತವೆ. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಒಮ್ಮೆ, ಬೇಸಿಗೆಯ ಮೊದಲು ಒಮ್ಮೆ, ಹೀಗೆ ವರ್ಷಕ್ಕೆ ಎರಡು ಬಾರಿ ಅದೇ ಜಾಗಗಳನ್ನು ನೋಡಬೇಕು. ಕಾಫಿ ಬೆಳೆಯುವ ಜಿಲ್ಲೆಗಳಲ್ಲಿ ಪಲ್ಪಿಂಗ್ ಕಾಲದ ಮುನ್ನ ಮತ್ತು ಅನಂತರ ನೋಡುವುದು ಸೂಕ್ತ. ಸುರಕ್ಷತೆಯ ವಿಷಯದಲ್ಲಿ ರಾಜಿ ಸಲ್ಲದು. ನಗರದ ಕೊಳಚೆಯನ್ನೂ ಕೈಗಾರಿಕೆಗಳ ನೀರನ್ನೂ ಹೊತ್ತು ಸಾಗುವ ಬೆಂಗಳೂರಿನ ವೃಷಭಾವತಿಯಂತಹ ಕಡೆ ಯಾರನ್ನೂ ನೀರಿಗೆ ಇಳಿಸಕೂಡದು. ಅಲ್ಲಿ ದಂಡೆಯ ಸ್ಥಿತಿಯನ್ನು ದೂರದಿಂದಲೇ ದಾಖಲಿಸಿ, ಉಳಿದುದನ್ನು ಪರಿಣತರಿಗೆ ಬಿಡಬೇಕು.

ಕಲಿಯಬೇಕಾದವರು ಉದ್ದಿಮೆಯ ಮಾಲೀಕರಷ್ಟೇ ಅಲ್ಲ. ತ್ಯಾಜ್ಯನೀರು ಸಂಸ್ಕರಣಾ ಘಟಕ ನಡೆಸುವ ಕೆಲಸಗಾರರು, ಮೇಲ್ವಿಚಾರಕರು, ಕೆಳಭಾಗದ ರೈತರು, ಗ್ರಾಮ ಪಂಚಾಯಿತಿ ಸದಸ್ಯರು, ಸ್ಥಳೀಯ ಕಾಲೇಜಿನ ವಿದ್ಯಾರ್ಥಿಗಳು ಒಂದೇ ತಂಡದಲ್ಲಿರಬೇಕು. 2002ರ ಜೀವವೈವಿಧ್ಯ ಕಾಯಿದೆಯಡಿ ಸ್ಥಳೀಯ ಸಂಸ್ಥೆಗಳಲ್ಲಿ ರಚಿಸಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳನ್ನೂ ಜೊತೆಗೂಡಿಸಿಕೊಳ್ಳಬಹುದು. ಉದ್ದಿಮೆದಾರರು ತಾವೇ ಕೊಟ್ಟುಕೊಂಡ ಅಂಕವನ್ನು ಯಾರೂ ನಂಬರು. ರೈತರ ಎದುರಿನಲ್ಲಿ, ರೈತರೊಡನೆ ಕೂಡಿ ಕೊಟ್ಟ ಅಂಕಕ್ಕೆ ಬೆಲೆಯಿರುತ್ತದೆ. ಕಲಿಸುವವರಿಗೂ ಕೊರತೆಯಿಲ್ಲ. ವಿಶ್ವವಿದ್ಯಾಲಯಗಳ ಪ್ರಾಣಿಶಾಸ್ತ್ರ ಮತ್ತು ಪರಿಸರ ವಿಜ್ಞಾನ ವಿಭಾಗಗಳು, ಮಂಗಳೂರಿನ ಮೀನುಗಾರಿಕಾ ಕಾಲೇಜು, ಬೆಂಗಳೂರಿನಲ್ಲಿರುವ ರಾಜ್ಯ ಸರ್ಕಾರದ ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆ ಇಂತಹ ಕಡೆ ಪರಿಣತರಿದ್ದಾರೆ.

ಆಕ್ಷೇಪಗಳು ಮತ್ತು ಉತ್ತರ

ಇದು ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸವಲ್ಲವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಮಂಡಳಿಗಳು ನಿಗದಿತ ಕೇಂದ್ರಗಳಲ್ಲಿ ನದಿಗಳ ನೀರನ್ನು ಪರೀಕ್ಷಿಸುತ್ತಲೇ ಇವೆ. ಕೇಂದ್ರ ಮಂಡಳಿ 2018ರಲ್ಲಿ ದೇಶದಾದ್ಯಂತ 351 ಮಲಿನ ನದಿಭಾಗಗಳನ್ನು, 2022ರ ವರದಿಯಲ್ಲಿ 311 ಭಾಗಗಳನ್ನು ಪಟ್ಟಿಮಾಡಿತು. ಕರ್ನಾಟಕದ ಅರ್ಕಾವತಿ, ತುಂಗಭದ್ರಾ, ಭದ್ರಾ, ಲಕ್ಷ್ಮಣತೀರ್ಥ, ಶಿಂಷಾ ಮೊದಲಾದ ನದಿಗಳು 2018ರ ಪಟ್ಟಿಯಲ್ಲಿದ್ದವು. ಆದರೆ ಮಂಡಳಿಯ ಕೇಂದ್ರಗಳು ಬಹುಮಟ್ಟಿಗೆ ನದಿಗಳ ಮೇಲಿವೆ. ಕೈಗಾರಿಕಾ ವಸಾಹತಿನ ಹಿಂದಿನ ಹೆಸರಿಲ್ಲದ ಹಳ್ಳವನ್ನು ವರ್ಷವಿಡೀ ನೋಡುವವರು ಯಾರೂ ಇಲ್ಲ. ನದಿ ಕೆಡುವುದು ಇಂತಹ ಹಳ್ಳಗಳಿಂದಲೇ.

ನಾವೇ ಬರೆದಿಟ್ಟ ದಾಖಲೆ ನಮ್ಮ ವಿರುದ್ಧವೇ ಬಳಕೆಯಾದೀತು ಎಂಬ ಅಂಜಿಕೆ ಎರಡನೆಯದು. 1974ರ ಕಾಯಿದೆಯ ಕಲಂ 21 ತ್ಯಾಜ್ಯನೀರಿನ ಮಾದರಿ ತೆಗೆಯಲು ನಿರ್ದಿಷ್ಟ ಕ್ರಮವನ್ನು ವಿಧಿಸಿದೆ. ಮಂಡಳಿಯೇ ಆದರೂ ಆ ಕ್ರಮ ಪಾಲಿಸದೆ ತೆಗೆದ ಮಾದರಿಯ ಫಲಿತಾಂಶ ನ್ಯಾಯಾಲಯದಲ್ಲಿ ಪುರಾವೆಯಾಗದು. ತರಬೇತಿ ಪಡೆದವರ ಅಂಕಪಟ್ಟಿ ಅಂತಹ ಪುರಾವೆಯ ಸ್ಥಾನವನ್ನು ಪಡೆಯುವುದಿಲ್ಲ. ಅದು ಯಾರಿಗೂ ರಕ್ಷಾಪತ್ರವೂ ಅಲ್ಲ. ಆದರೂ ಅಂಜಿಕೆಗೆ ಸ್ವಲ್ಪ ಆಧಾರವಿದೆಯೆಂದು ಒಪ್ಪಲೇಬೇಕು. ಕೆಟ್ಟ ಅಂಕ ಬಂದ ಮೇಲೆ ತಿಳಿದಿರಲಿಲ್ಲವೆಂದು ಹೇಳಲಾಗದು. ಆಂತರಿಕ ಲೆಕ್ಕಪರಿಶೋಧನೆಯ ಉದ್ದೇಶವೂ ಅದೇ ಅಲ್ಲವೇ? ಹೊರಗಿನವರು ಕಂಡುಹಿಡಿಯುವ ಮೊದಲು ದೋಷವನ್ನು ಒಳಗಿನವರೇ ಕಂಡುಕೊಂಡು ಸರಿಪಡಿಸಲೆಂದೇ ಅದನ್ನು ಮಾಡಿಸುತ್ತಾರೆ.

ಹಳ್ಳ ಕೆಡುವುದು ಊರಿನ ಚರಂಡಿ ನೀರಿನಿಂದ, ಕೈಗಾರಿಕೆಯಿಂದಲ್ಲ ಎಂಬುದು ಮೂರನೆಯ ವಾದ. ಬಹಳ ಕಡೆ ಇದು ನಿಜವೂ ಹೌದು. ಹಾಗಿದ್ದರೆ ಅದನ್ನು ತೋರಿಸುವ ಮಾರ್ಗವೂ ಇದೇ. ವಸಾಹತಿನ ಮೇಲ್ಭಾಗದಲ್ಲೊಂದು, ಕೆಳಭಾಗದಲ್ಲೊಂದು, ಊರಿನ ಚರಂಡಿ ಸೇರಿದ ಮೇಲೊಂದು, ಹೀಗೆ ಮೂರು ಜಾಗಗಳ ಅಂಕಗಳನ್ನು ಮೂರು ವರ್ಷ ದಾಖಲಿಸಿದರೆ, ಅಂಕ ಎಲ್ಲಿ ಕುಸಿಯುತ್ತದೆಂಬುದು ತಾನಾಗಿಯೇ ಗೋಚರಿಸುತ್ತದೆ. ಪುರಸಭೆಯೊಡನೆ ಮಾತನಾಡುವಾಗ ಆ ಹಾಳೆ ಕೈಯಲ್ಲಿರಬೇಕು. ಅಂಕ ವಸಾಹತಿನ ಬಳಿಯೇ ಕುಸಿದರೆ ಆ ಸತ್ಯವನ್ನೂ ಒಪ್ಪಿಕೊಳ್ಳುವ ಮನಸ್ಸಿರಬೇಕು. ಬೇಕಾದ ಫಲಿತಾಂಶ ಬಂದಾಗ ಮಾತ್ರ ಪ್ರಕಟಿಸುವ ಉದ್ದೇಶವಿದ್ದರೆ ಈ ಕೆಲಸವನ್ನು ಆರಂಭಿಸದಿರುವುದೇ ಲೇಸು.

ಖರ್ಚು ಮತ್ತು ಅದರ ಲೆಕ್ಕ

ವೆಚ್ಚದ ಮುಖ್ಯ ಬಾಬ್ತುಗಳು ತರಬೇತುದಾರರ ಸಂಭಾವನೆ, ಪ್ರಯಾಣ, ಊಟ ಮತ್ತು ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳುವ ಸಾಧನಗಳು. ಒಂದೊಂದು ಘಟಕ ಪ್ರತ್ಯೇಕವಾಗಿ ಭರಿಸುವುದಕ್ಕಿಂತ ಸಂಘದ ಮೂಲಕ ಹಂಚಿಕೊಂಡರೆ ಭಾರ ತೀರಾ ಹಗುರ. ಸಣ್ಣ ಘಟಕಗಳು ಕಂಪನಿ ಕಾಯಿದೆಯ ಸಾಮಾಜಿಕ ಹೊಣೆಗಾರಿಕೆಯ ವ್ಯಾಪ್ತಿಗೆ ಬರುವುದು ವಿರಳ. ಅವು ತಮ್ಮ ಸಿಬ್ಬಂದಿಯ ತರಬೇತಿಗೆ ಮಾಡಿದ ಖರ್ಚು ಪೂರ್ಣವಾಗಿ ವ್ಯವಹಾರದ ಉದ್ದೇಶದ್ದೆಂದು ತೋರಿಸಲು ಹಾಜರಿ, ರಸೀದಿ ಮತ್ತು ವರದಿಗಳನ್ನು ಸರಿಯಾಗಿ ಇಟ್ಟುಕೊಳ್ಳಬೇಕು.

ಸಂಘದಲ್ಲಿರುವ ದೊಡ್ಡ ಕಂಪನಿಗಳ ವಿಷಯ ಬೇರೆ. 2013ರ ಕಂಪನಿ ಕಾಯಿದೆಯ ಏಳನೆಯ ಅನುಸೂಚಿಯಲ್ಲಿ ಪರಿಸರ ಸಮತೋಲನ, ಸಸ್ಯ-ಪ್ರಾಣಿಗಳ ರಕ್ಷಣೆ ಮತ್ತು ಮಣ್ಣು, ಗಾಳಿ, ನೀರುಗಳ ಗುಣಮಟ್ಟ ಕಾಪಾಡುವ ಚಟುವಟಿಕೆಗಳು ಸೇರಿವೆ. ಆದರೆ ಕಂಪನಿಯ ಸ್ವಂತ ನೌಕರರಿಗೆ ಮಾತ್ರ ಪ್ರಯೋಜನವಾಗುವ ಚಟುವಟಿಕೆ ಈ ಲೆಕ್ಕಕ್ಕೆ ಬರುವುದಿಲ್ಲ. ಆದುದರಿಂದ ರೈತರು, ವಿದ್ಯಾರ್ಥಿಗಳು, ಪಂಚಾಯಿತಿಯವರಿಗೂ ತೆರೆದಿರುವ ಕಾರ್ಯಕ್ರಮವನ್ನೇ ರೂಪಿಸಬೇಕು. ಒಂದು ದಿನದ ಸಮಾರಂಭಕ್ಕಿಂತ ಬಹುವರ್ಷದ ಯೋಜನೆ ಎಲ್ಲ ದೃಷ್ಟಿಯಿಂದಲೂ ಸಮರ್ಪಕ. ಇನ್ನು ಮಾರುಕಟ್ಟೆಯ ಒತ್ತಡವೂ ಹೆಚ್ಚುತ್ತಿದೆ. ಷೇರುಪೇಟೆಯಲ್ಲಿ ನೋಂದಾಯಿತವಾದ ಮೊದಲ ಸಾವಿರ ಕಂಪನಿಗಳು 2022-23ರಿಂದ ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ಕಡ್ಡಾಯವಾಗಿ ಸಲ್ಲಿಸಬೇಕಾಗಿದೆ. ನೀರಿನ ಬಳಕೆ, ತ್ಯಾಜ್ಯನೀರುಗಳ ಬಗೆಗೆ ಅಂತಹ ಕಂಪನಿಗಳು ಉತ್ತರಿಸಬೇಕಾದಾಗ, ಅವುಗಳಿಗೆ ಬಿಡಿಭಾಗ ಅಥವಾ ಬಟ್ಟೆ ಒದಗಿಸುವ ಸಣ್ಣ ಘಟಕದ ಬಾಗಿಲಿಗೂ ಅದೇ ಪ್ರಶ್ನೆಗಳು ಬರುತ್ತವೆ. ಆಗ ಮೂರು ವರ್ಷಗಳ ಅಂಕಪಟ್ಟಿ ಕೈಯಲ್ಲಿರುವವರ ಸ್ಥಾನ ಬೇರೆ, ಬರಿಗೈಯವರ ಸ್ಥಾನ ಬೇರೆ.

ಮುಂದಿನ ಹೆಜ್ಜೆ

ಪ್ರತಿಯೊಂದು ಜಿಲ್ಲಾ ವಾಣಿಜ್ಯ ಸಂಘವೂ ತನ್ನ ವ್ಯಾಪ್ತಿಯಲ್ಲಿ ಒಂದು ಹಳ್ಳವನ್ನು ಆರಿಸಿಕೊಳ್ಳಲಿ. ಬರುವ ಮಳೆಗಾಲ ಮುಗಿದೊಡನೆ ಇಪ್ಪತ್ತು-ಇಪ್ಪತ್ತೈದು ಮಂದಿಗೆ ಮೊದಲ ಕಾರ್ಯಾಗಾರ ಏರ್ಪಡಿಸಲಿ. ತರಬೇತಿ ಪಡೆದವರಿಂದಲೇ ವರ್ಷಕ್ಕೆರಡು ಬಾರಿ ಸಮೀಕ್ಷೆ ಮಾಡಿಸಿ, ಅಂಕ ಹೆಚ್ಚಲಿ ಅಥವಾ ಇಳಿಯಲಿ, ಸಂಘದ ವಾರ್ಷಿಕ ವರದಿಯಲ್ಲಿ ಜಮಾ-ಖರ್ಚಿನ ಪಟ್ಟಿಯ ಪಕ್ಕದಲ್ಲಿ ಒಂದು ಪುಟವನ್ನು ಅದಕ್ಕಾಗಿ ಮೀಸಲಿಡಲಿ. ಮೂರು ವರ್ಷಗಳ ಬಳಿಕ ಸದಸ್ಯರ ಮುಂದೆ ಹೋಲಿಸಿ ನೋಡಲು ಆರು ಅಂಕಿಗಳಿರುತ್ತವೆ. ಅಂಕ ಕುಸಿದ ಜಾಗ ತಿಳಿದರೆ, ಸಾಮೂಹಿಕ ಸಂಸ್ಕರಣಾ ಘಟಕ ಬೇಕೇ, ದಂಡೆಯಲ್ಲಿ ಗಿಡ ನೆಡಬೇಕೇ, ಪುರಸಭೆಯ ಚರಂಡಿಯನ್ನು ತಿರುಗಿಸಬೇಕೇ ಎಂಬ ನಿರ್ಧಾರವನ್ನು ಊಹೆಯ ಮೇಲೆ ಕೈಗೊಳ್ಳಬೇಕಾಗಿಲ್ಲ. ನೊಯ್ಯಲ್ ದಡದ ಘಟಕಗಳಿಗೆ ಈ ಪ್ರಶ್ನೆಗಳನ್ನು ನ್ಯಾಯಾಲಯ ಕೇಳಿತು. ಕರ್ನಾಟಕದ ಉದ್ದಿಮೆದಾರರು ಇವನ್ನು ತಾವೇ ಕೇಳಿಕೊಳ್ಳಲು ಇನ್ನೂ ಕಾಲಾವಕಾಶವಿದೆ.